ಕೋಡಿಯ ಮೇಲೆ ಬೈಯುವ ಎರ್ರೆಮ್ಮ

ಬೈಯುವುದು ಎಲ್ಲರಿಗೂ ಬರುತ್ತದೆ ಅಂದುಕೊಂಡಿದ್ದೀರಿ. ಬರುವುದಿಲ್ಲ. ನಾನು ಕೆರೆ ಏರಿಯ ಪಕ್ಕ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟುಕೊಂಡವಳು, ದಿನಾ ಎಷ್ಟೋ ಜನರ ಬಾಯಿ ನೋಡುತ್ತೇನೆ. ಬಸ್ಸು ತಡವಾದರೆ ಡ್ರೈವರನಿಗೆ ಬೈಯುತ್ತಾರೆ, ಕರೆಂಟು ಹೋದರೆ ಲೈನ್‌ಮನ್ನಿಗೆ, ಮಿರ್ಚಿ ಖಾರವಾದರೆ ನನಗೆ. ಅದು ಬರೀ ಬಾಯಿಚಟ. ಬೈಗುಳ ಅಂದರೆ ಎರ್ರೆಮ್ಮನದು. ನಮ್ಮೂರಲ್ಲಿ ಬೈಯುವ ಹಕ್ಕು ಒಂದು ಮನೆತನಕ್ಕೆ ಸೇರಿದ್ದು, ಆ ಮನೆತನದ ಸೊಸೆ ಅವಳು.

ನಮ್ಮೂರು ಹಗರಿಬೊಮ್ಮನಹಳ್ಳಿಗೆ ದೂರವೇನಲ್ಲ. ಊರ ಪಕ್ಕದಲ್ಲೇ ಹಿರೇಕೆರೆ. ಕೆರೆ ತುಂಬಿದರೆ ಹೆಚ್ಚಾದ ನೀರು ಕಲ್ಲಿನ ಕೋಡಿ ದಾಟಿ ಹಳ್ಳಕ್ಕೆ ಬೀಳುತ್ತದೆ. ಹಳ್ಳ ಹೋಗಿ ತುಂಗಭದ್ರಾ ಜಲಾಶಯದ ಹಿನ್ನೀರು ಸೇರುತ್ತದೆ. ನೀರು ಇಳಿಯುವ ಅದೇ ದಾರಿಯಲ್ಲಿ ಮೀನು ಏರುತ್ತದೆ. ಹೊಸ ನೀರು ಬಂತೆಂದರೆ ಹಿನ್ನೀರಿನ ಬಾಳೆಮೀನು, ಅದರ ಹಿಂದೆ ಸಣ್ಣಪುಟ್ಟ ಮೀನು, ಹೊಟ್ಟೆ ತುಂಬ ತತ್ತಿ ಹೊತ್ತು ಹಳ್ಳ ಹತ್ತಿ ಬರುತ್ತವೆ. ಕೋಡಿಯ ಇಳಿಜಾರು ಕಲ್ಲಿನ ಮೇಲೆ ಹೊಟ್ಟೆ ಎಳೆದುಕೊಂಡು ಕೆರೆ ಸೇರುತ್ತವೆ. ಮೇಲ್ದಂಡೆಯಲ್ಲಿ ಮೊಣಕಾಲುದ್ದ ನೀರು, ಜೊಂಡು. ಅಲ್ಲಿ ತತ್ತಿ ಇಡುತ್ತವೆ. ನೀರಲ್ಲಿ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ, ನೀರುಕಾಗೆ ಗೂಡು ಕಟ್ಟುವುದು ಆ ಮರಿಮೀನುಗಳನ್ನು ನಂಬಿ. ಹಕ್ಕಿಯ ಹಿಕ್ಕೆ ನೀರಿಗೆ ಬಿದ್ದು ಪಾಚಿ ಬೆಳೆಯುತ್ತದೆ, ಪಾಚಿಯಿಂದ ಮತ್ತೆ ಮರಿಮೀನಿನ ಹೊಟ್ಟೆ ತುಂಬುತ್ತದೆ. ಕೋಡಿಗೆ ಅಡ್ಡ ಬಲೆ ಕಟ್ಟಿದರೆ ಇದೆಲ್ಲ ಒಂದೇ ಸಲಕ್ಕೆ ಹೋಯಿತು.

ಆದ್ದರಿಂದ ಕೋಡಿ ಹರಿಯಲು ಶುರುವಾದಾಗಿನಿಂದ ನೀರು ತಿಳಿಯಾಗುವ ತನಕ ಅಲ್ಲಿ ಬಲೆ ಒಡ್ಡುವಂತಿಲ್ಲ. ಒಡ್ಡಿದರೆ ನೀರುಗಂಟಿ ಮನೆಯ ಹೆಂಗಸು, ಅಂದರೆ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವವರ ಮನೆಯವಳು, ಕೋಡಿಗಲ್ಲಿನ ಮೇಲೆ ನಿಂತು ಬೈಯುತ್ತಾಳೆ. ಯಾರನ್ನಾದರೂ ಬೈಯಬಹುದು, ಲೇ ಅಂತಲೇ ಬೈಯಬಹುದು. ಜಾತಿ, ಹೆಂಡತಿ, ಸತ್ತವರು, ಈ ಮೂರನ್ನು ಬಾಯಿಗೆ ತರುವಂತಿಲ್ಲ. ಬೈಸಿಕೊಂಡವನು ತಿರುಗಿ ಮಾತಾಡುವಂತಿಲ್ಲ. ತೆಪ್ಪಗೆ ನೀರಿಗಿಳಿದು ಆ ಬಲೆಯನ್ನು ತನ್ನ ಕೈಯಾರೆ ಬಿಚ್ಚಿ ದಡಕ್ಕೆ ಹಾಕಬೇಕು. ಸುಗ್ಗಿಯಲ್ಲಿ ಮನೆಗಿಷ್ಟು ಅಂತ ಬೈದವಳಿಗೆ ಜೋಳ ಕೊಡಬೇಕು.

ನೀರುಗಂಟಿ ಮನೆ ಇರುವುದು ಊರಾಚೆಯ ಕೇರಿಯಲ್ಲಿ. ವರ್ಷವೆಲ್ಲ ನಮ್ಮವರ ಹೊಸಿಲಾಚೆ ನಿಂತು ಮಾತಾಡುವ ಮನೆಯವರು ಹೊಸ ನೀರಿನಲ್ಲಿ ಮಾತ್ರ ಊರ ಯಜಮಾನನಿಗೂ ಲೇ ಅನ್ನಬಹುದಿತ್ತು. ಊರಿನ ಹಿರಿಯರು ದೊಡ್ಡ ಮನಸ್ಸಿನಿಂದ ಈ ಹಕ್ಕು ಕೊಟ್ಟರು ಅಂತ ಹೇಳಿಕೊಳ್ಳುವವರಿದ್ದಾರೆ. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಒಬ್ಬರನ್ನೊಬ್ಬರು ಬೈದುಕೊಂಡು ಹಗೆ ಕಟ್ಟಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ, ಆ ಕೆಲಸವನ್ನು ಕೇರಿಗೆ ದಾಟಿಸಿ ಕೂತರು.

ಎರ್ರೆಮ್ಮ ಈ ಮನೆಗೆ ಬಂದಿದ್ದು ಕೊಟ್ಟೂರು ಕಡೆಯಿಂದ, ನೀರುಗಂಟಿ ಓಬಳೇಶನ ಹೆಂಡತಿಯಾಗಿ. ಆಗ ಅವಳ ಬಾಯಲ್ಲಿ ಮಾತೇ ಇರಲಿಲ್ಲವಂತೆ. ಮೊದಲ ಮಳೆಗಾಲದಲ್ಲಿ ಅತ್ತೆಗೆ ಜ್ವರ. ಕೋಡಿಗೆ ಬಲೆ ಒಡ್ಡಿದ್ದವನು ಯಜಮಾನರ ಮಗ ಬೊಮ್ಮಪ್ಪ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಕಂಬಳಿ ಹೊದ್ದು ಬಂದ ಅತ್ತೆ ಹಿಂದೆ ನಿಂತು ಸೊಸೆಯ ಸೊಂಟ ಚಿವುಟಿದಳು. ಉರಿಗೆ ಇವಳ ಬಾಯಿ ತೆರೆಯಿತು.

"ಲೇ ಬೊಮ್ಮ! ನಿಮ್ಮಕ್ಕ ಹೋದ ತಿಂಗಳು ಹೆರಿಗಿಗೆ ಬಂದಾಗ ಅಗಸಿ ಬಾಗಲಕ್ಕ ಬಲಿ ಕಟ್ಟಿದ್ದೇನೋ? ತವರಿಗೆ ಬರೋ ಬಸುರಿನ್ನ ಹಾದ್ಯಾಗ ಹಿಡಕಂಡು ತಿಂತಿಯೇನೋ ಮೂಳ!"

ಬೊಮ್ಮಪ್ಪ ಹೊಸ ಧೋತರ ಉಟ್ಟುಕೊಂಡೇ ನೀರಿಗಿಳಿದು ಬಲೆ ಬಿಚ್ಚಿದ. ಅವತ್ತಿನಿಂದ ಕೋಡಿ ಹರಿದಾಗಲೆಲ್ಲ ಎರ್ರೆಮ್ಮ ಅಲ್ಲಿ ನಿಂತಳು. ಮಾತು ಹೊಸದಾಗುತ್ತಿತ್ತು, ವಿಷಯ ಮಾತ್ರ ಅದೇ, ಹೆರಿಗೆಗೆ ತವರಿಗೆ ಬಂದ ಮಗಳು. ಓಬಳೇಶ ತೀರಿಹೋದ ವರ್ಷವೂ ಬಂದು ಬೈದು ಹೋದಳು. ಉಳಿದ ದಿನಗಳಲ್ಲಿ ನನ್ನ ಅಂಗಡಿ ಬೆಂಚಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತ ಚಹಾ ಕುಡಿಯುತ್ತಾಳೆ. ಎಲ್ಲರಿಗೂ ಕೊಡುವ ಲೋಟದಲ್ಲೇ ಕೊಡುತ್ತೇನೆ. ಆ ಕಾರಣಕ್ಕೆ ಕೆಲವರು ನನ್ನಲ್ಲಿ ಚಹಾ ಕುಡಿಯುವುದಿಲ್ಲ. ಕುಡಿಯದಿದ್ದರೆ ಬಿಡಲಿ, ಹಾಲಾದರೂ ಉಳಿಯುತ್ತದೆ.

ಅವಳ ಮಗಳು ಸಮತಾಗೆ ಈ ಬೈಗುಳವೇ ಆಗಿಬರುತ್ತಿರಲಿಲ್ಲ. ಸಮತಾ ಹಗರಿಬೊಮ್ಮನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮನೆಯಲ್ಲಿ ಬುದ್ಧನ ಪಟ ಹಾಕಿದ್ದಾಳೆ. ಒಂದು ಸಂಜೆ ನನ್ನ ಅಂಗಡಿ ಮುಂದೆಯೇ ತಾಯಿಗೆ ಅಂದಳು:

"ಯವ್ವ, ನೀ ಬೈಯಾದು ಹಕ್ಕು ಅಂತ ತಿಳಕಂಡೀಯಲ್ಲ. ಬೈದಾದ ಮ್ಯಾಲೆ ಅವರ ಹೊಸಿಲಾಚೆ ನಿಂತು ಸೆರಗು ಒಡ್ಡಿ ಜೋಳ ಇಸಗಂತಿ. ಎಂಥ ಹಕ್ಕು ಅದು?"

"ಜೋಳದ ಮಾತು ಬಿಡಬೇ. ಕೋಡಿ ಮ್ಯಾಲೆ ನಾ ನಿಲ್ಲದಿದ್ರ ಮೀನಿಗೆ ಯಾರದಾರ?"

"ಊರು ತುಂಬ ಮಂದಿ ಅದಾರಲ್ಲ, ಅವರಿಗೆ ಬಾಯಿ ಇಲ್ಲೇನು?"

ಎರ್ರೆಮ್ಮ ಲೋಟ ಕೆಳಗಿಟ್ಟು ಮೊಣಕಾಲು ನೀವಿಕೊಂಡಳು. ಇಬ್ಬರ ಮಾತೂ ಸರಿ ಅನ್ನಿಸಿ ನಾನು ಮೆಣಸಿನಕಾಯಿ ಸೀಳುತ್ತ ಕೂತೆ.

ಎರಡು ವರ್ಷದ ಹಿಂದೆ ಕೆರೆಯ ಮೀನಿನ ಹರಾಜು ಹಿಡಿದವನು ಪಾಲಾಕ್ಷ. ಹರಪನಹಳ್ಳಿ ಕಡೆಯವನು, ನಮ್ಮ ಪದ್ಧತಿ ಗೊತ್ತಿಲ್ಲದವನು. ಕಾಟ್ಲಾ ಮರಿ, ರೋಹು ಮರಿ ತಂದು ಕೆರೆಗೆ ಬಿಟ್ಟ. ಕೆರೆ ತುಂಬಿದಾಗ ಅವು ಹೊರಗೆ ಹೋಗದಿರಲಿ ಅಂತ ಕೋಡಿಗೆ ಅಡ್ಡಲಾಗಿ, ದಡದಿಂದ ದಡಕ್ಕೆ ನೈಲಾನ್ ಬಲೆ ಬಿಗಿದ. ಅವನ ಮೀನು ಒಳಗೆ ಉಳಿಯಿತು, ಏರಿ ಬಂದ ತತ್ತಿಮೀನು ಹೊರಗೆ ಸಿಕ್ಕಿಕೊಂಡಿತು. ಅದನ್ನೂ ಬಿಡದೆ ಬುಟ್ಟಿಗೆ ತುಂಬಿಸಿದ. ಬಾಳೆಮೀನು ಕೆರೆಗೆ ಬಂದರೆ ತನ್ನ ಮರಿಗಳನ್ನು ತಿಂದು ಹಾಕುತ್ತದೆ ಅಂತ ಅವನ ಲೆಕ್ಕ. ಬಲೆ, ಬುಟ್ಟಿ, ಆಳುಗಳಿಗೆ ಜಾಗ ಕೊಟ್ಟವನು ಬೊಮ್ಮಪ್ಪ, ತನ್ನ ಪಂಪ್‌ಸೆಟ್ ಮನೆಯಲ್ಲಿ. ಈಗ ಊರ ಯಜಮಾನ ಅವನೇ.

ಎರ್ರೆಮ್ಮ ಕೋಡಿಗಲ್ಲು ಹತ್ತಿ ಬೈದಳು. ಹೊಟ್ಟೆಯ ಆಳದಿಂದ ಬೈದಳು. ಪಾಲಾಕ್ಷ ನೀರಿಗಿಳಿಯಲಿಲ್ಲ. ನಕ್ಕ. ಅವನ ಆಳು ಮೊಬೈಲು ಹಿಡಿದು ನಿಂತ. ಸಂಜೆಯೊಳಗೆ ಅವಳು ಬೈಯುವ ವೀಡಿಯೋಕ್ಕೆ ತಮಟೆಯ ಸದ್ದು, ಕೋಳಿ ಕೂಗು ಸೇರಿಸಿ ಹರಿಬಿಟ್ಟರು. ಕೂಡ್ಲಿಗಿಯಿಂದ ಹಡಗಲಿ ತನಕ ಜನ ನೋಡಿ ನಕ್ಕರು. ನಮ್ಮೂರಿನವರೂ ನಕ್ಕರು. ನನ್ನ ಅಂಗಡಿ ಬೆಂಚಿನ ಮೇಲೆ ಕೂತು, ನನ್ನ ಮಿರ್ಚಿ ತಿನ್ನುತ್ತ ನಕ್ಕರು. ಕಿರಾಣಿ ಅಂಗಡಿ ಮೌನೇಶ ಅದನ್ನು ತನ್ನ ಸ್ಟೇಟಸ್‌ಗೆ ಹಾಕಿಕೊಂಡಿದ್ದ. ನನಗೆ ಎಣ್ಣೆ ಬಾಣಲೆಯನ್ನೇ ಎತ್ತಿ ಹೊಯ್ಯುವಷ್ಟು ಸಿಟ್ಟು ಬಂದಿತ್ತು.

ಮರುದಿನ ಪಾಲಾಕ್ಷ ಠಾಣೆಗೆ ದೂರು ಕೊಟ್ಟ, ತನಗೆ ಅವಾಚ್ಯವಾಗಿ ಬೈದು ವ್ಯಾಪಾರಕ್ಕೆ ಅಡ್ಡಿ ಮಾಡಿದ್ದಾಳೆ ಅಂತ. ಎರ್ರೆಮ್ಮನನ್ನು ಕರೆಸಿದರು. ಜೊತೆಗೆ ಹೋದವರು ಮಗಳು ಸಮತಾ, ನಾನು, ಇಬ್ಬರೇ. ಬೊಮ್ಮಪ್ಪನ ಮನೆ ಬಾಗಿಲಿಗೆ ಹೋಗಿ, ನೀವು ಬಂದು ಇದು ಊರ ಪದ್ಧತಿ ಅಂತ ಒಂದು ಮಾತು ಹೇಳಿದರೆ ಸಾಕು ಅಂತ ಕೇಳಿದೆವು. "ಸೊಂಟ ಹಿಡದೈತಿ" ಅಂದ. ಠಾಣೆಯಲ್ಲಿ ಎರ್ರೆಮ್ಮ ಇನ್ನು ಮುಂದೆ ಪಾಲಾಕ್ಷನಿಗೂ ಅವನ ಆಳುಗಳಿಗೂ ಒಂದು ಮಾತೂ ಬೈಯುವುದಿಲ್ಲ, ಅವರ ಮೈ ಕೈ ಮುಟ್ಟುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟು ಬಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಅಳುತ್ತಾಳೇನೋ ಅಂತ ನೋಡಿದೆ. ಇಲ್ಲ, ಹಲ್ಲು ಕಚ್ಚಿಕೊಂಡಿದ್ದಳು.

"ಪಾಲಾಕ್ಷ ಹೊರಗಿನಾಂವ, ಯವ್ವ," ಅಂದಳು ಸಮತಾ. "ಅವಗೇನು ಗೊತ್ತೈತಿ? ನಿನ್ನ ಠಾಣೆಗೆ ಕಳಿಸಿ ಮನ್ಯಾಗ ಕುಂತರಲ್ಲ, ಅವರಿಗೆ ಎಲ್ಲಾ ಗೊತ್ತೈತಿ."

ಬಲೆ ಅಲ್ಲೇ ಉಳಿಯಿತು. ಏರಿಯ ಮೇಲೆ ತಕ್ಕಡಿ ಇಟ್ಟು ತತ್ತಿಮೀನು ಮಾರಿದರು. ಹೊಟ್ಟೆ ಸೀಳಿದರೆ ರಾಗಿಯ ಹಾಗೆ ತತ್ತಿ ಸುರಿಯುತ್ತಿತ್ತು. ಕೊಂಡವರು ಊರಿನವರೇ. ನನ್ನ ಪಕ್ಕದ ಮನೆಯ ಕೆಂಚಕ್ಕ ಪಾತ್ರೆ ತಂದು ಸಾಲಿನಲ್ಲಿ ನಿಂತಿದ್ದಳು. ಯಾಕಬೇ ಅಂದರೆ, "ನಾ ಬ್ಯಾಡಂದ್ರ ಬಿಡ್ತಾರೇನು? ಬೈಯಾಕ ಅದು ನಮ್ಮ ಕೆಲಸ ಅಲ್ಲ" ಅಂದಳು. ಎಲ್ಲರ ಬಾಯಲ್ಲೂ ಇದೇ ಮಾತು. ತಲೆಮಾರುಗಳಿಂದ ಒಂದೇ ಮನೆಯ ಹೆಂಗಸು ಬೈಯುತ್ತ ಬಂದದ್ದಕ್ಕೆ, ಅವಳ ಬಾಯಿ ಮುಚ್ಚಿಸಿದರೆ ಬೇರೆ ಯಾರಿಗೂ ಬಾಯಿಲ್ಲ ಅಂತ ಊರು ನಂಬಿಬಿಟ್ಟಿತ್ತು. ಇಂಥ ಮೂರ್ಖತನ ನಮ್ಮೂರಿಗೆ ಮಾತ್ರ ಸಾಧ್ಯ.

ಚಳಿಗಾಲಕ್ಕೆ ಕೊಕ್ಕರೆ ಬಂದವು, ಜಾಲಿಮರದಲ್ಲಿ ಗೂಡು ಕಟ್ಟಿದವು, ಮರಿ ಮಾಡಿದವು. ಮೇಲ್ದಂಡೆಯ ತೆಳು ನೀರಲ್ಲಿ ಅವಕ್ಕೆ ತಿನ್ನಿಸಲು ಮರಿಮೀನು ಇರಲಿಲ್ಲ. ಪಾಲಾಕ್ಷನ ಕಾಟ್ಲಾಗಳು ನಡುಗೆರೆಯ ಆಳದಲ್ಲಿ ಮೊಳದುದ್ದ ಬೆಳೆದಿದ್ದವು, ಅವು ಯಾವ ಹಕ್ಕಿಯ ಗಂಟಲಿಗೂ ಇಳಿಯುವಂತಿರಲಿಲ್ಲ. ಮರಿಗಳು ಕೂಗಿ ಕೂಗಿ ಗೂಡಿನಿಂದ ನೀರಿಗೆ ಬಿದ್ದವು. ದೊಡ್ಡವು ಎದ್ದು ಹೋದವು. ದೊಡ್ಡ ಕ್ಯಾಮರಾ ಹಿಡಿದು ಊರೂರಿನಿಂದ ಬರುವವರು ಬಂದು, ಹಕ್ಕಿ ಯಾಕಿಲ್ಲ ಅಂತ ನನ್ನನ್ನು ಕೇಳಿದರು. ಪಂಪ್‌ಸೆಟ್ ಮನೆಗೆ ಹೋಗಿ ಕೇಳಿ ಅಂದೆ. ಬೊಮ್ಮಪ್ಪ ಕಟ್ಟೆಯ ಮೇಲೆ ಕೂತು ಅಂದನಂತೆ, "ಎರ್ರೆಮ್ಮ ಗಟ್ಟಿಯಾಗಿ ನಿಂತಿದ್ರ ಹಿಂಗಾಗ್ತಿದ್ದಿಲ್ಲ." ಸೊಂಟ ಹಿಡಿದವನ ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

ಮರುವರ್ಷ ಮತ್ತೆ ಮಳೆ ಚೆನ್ನಾಗಿ ಬಂತು. ಕೋಡಿ ಹರಿಯಿತು ಅಂತ ಬೆಳಗ್ಗೆ ಸುದ್ದಿ. ಅಂಗಡಿಗೆ ಒಲೆ ಹಚ್ಚದೆ ಓಡಿದೆ. ಪಾಲಾಕ್ಷನ ಬಲೆ ಆಗಲೇ ದಡದಿಂದ ದಡಕ್ಕೆ ಬಿಗಿದು ನಿಂತಿತ್ತು. ಅದರ ಕೆಳಗೆ, ಹಳ್ಳದ ಕಡೆ, ಕೆಂಪು ನೀರಿನಲ್ಲಿ ಮೀನಿನ ಬೆನ್ನುಗಳು ಮಿಂಚುತ್ತಿದ್ದವು. ಹಾರಿ ಹಾರಿ ಬಲೆಗೆ ಬಡಿದು ಹಿಂದೆ ಬೀಳುತ್ತಿದ್ದವು. ಊರು ಊರೇ ಏರಿಯ ಮೇಲೆ ನೆರೆದಿತ್ತು, ರೂಢಿ ಬಿಡುವುದಿಲ್ಲವಲ್ಲ. ಎರ್ರೆಮ್ಮ ಬರುವುದಿಲ್ಲ ಅನ್ನುವವರೇ ಹೆಚ್ಚು. ಬಂದು ಒಂದು ಮಾತು ಬೈದರೂ ಅವಳ ಮೇಲೆ ಕೇಸು, ಬೈಯದಿದ್ದರೆ ಇನ್ನೊಂದು ವರ್ಷದ ತತ್ತಿ ಬುಟ್ಟಿಗೆ.

ಬಂದಳು. ಮಗಳ ಕೈಗೆ ಚಪ್ಪಲಿ ಕೊಟ್ಟು ಕೋಡಿಗಲ್ಲು ಹತ್ತಿದಳು. ಪಾಲಾಕ್ಷ ಮೊಬೈಲು ಎತ್ತಿ ಹಿಡಿದ.

"ವೀಡಿಯೋ ಆಗ್ತಾ ಐತೆ ನೋಡಮ್ಮ. ನಂಗೆ ಒಂದು ಮಾತು ಅಂದ್ರೂ ಸೀದಾ ಠಾಣೆಗೇ ಹೋಗೋದು."

ಎರ್ರೆಮ್ಮ ಅವನ ಕಡೆ ನೋಡಲೇ ಇಲ್ಲ. ಅವನಿಗೂ ಬಲೆಗೂ ಬೆನ್ನು ತಿರುಗಿಸಿ ಏರಿಯ ಮೇಲಿದ್ದ ಊರಿನ ಕಡೆ ಮುಖ ಮಾಡಿದಳು. ಸೆರಗು ಸೊಂಟಕ್ಕೆ ಸಿಗಿಸಿದಳು.

"ಲೇ ಬೊಮ್ಮಪ್ಪ!"

ಛತ್ರಿ ಹಿಡಿದು ನಿಂತಿದ್ದ ಬೊಮ್ಮಪ್ಪ ಹಿಂದೆ ಮುಂದೆ ನೋಡಿದ.

"ಹಿಂದ ಏನ್ ನೋಡ್ತೀಯಲೇ, ನಿನಗೇ ಅನ್ನಾದು! ಈ ಬಲಿ ವರ್ಷ ಪೂರ್ತಿ ಎಲ್ಲಿ ಮಲಗಿತ್ತು? ನಿನ್ನ ಪಂಪ್‌ಸೆಟ್ ಮನ್ಯಾಗ ಮಲಗಿತ್ತು. ನಿನ್ನ ಮಗಳು ಹೆರಿಗಿಗೆ ಬಂದ್ರ ಕಾರ್ ಮಾಡಿ ಕರಕಂಡು ಬರ್ತೀಯಲ್ಲ, ಈ ಮಗಳಿಗೆ ಬಾಗಲದಾಗ ಉರುಲು ಹಾಕಿ ಛತ್ರಿ ಹಿಡಕಂಡು ನಿಂತೀಯೇನೋ, ಮೀಸಿ ಹೊತ್ತ ಮಡಿಕಿ!"

"ಎರ್ರೆಮ್ಮ, ಬಲಿ ಕಟ್ಟಿದಾಂವ ನಾನಲ್ಲಬೇ..."

"ತಿರುಗಿ ಮಾತಾಡ್ತಿ?"

ಯಜಮಾನ ತಿರುಗಿ ಮಾತಾಡಿದ್ದನ್ನು ಊರು ಎಂದೂ ಕಂಡಿರಲಿಲ್ಲ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನಿಗೆ ಅದು ತಡೆಯಲಾಗಲಿಲ್ಲ. ಛತ್ರಿ ಮಡಿಸಿ ಪಕ್ಕದವನಿಗೆ ಕೊಟ್ಟು, ಧೋತರ ಎತ್ತಿಕಟ್ಟಿ ನೀರಿಗಿಳಿದ. ಹುಡುಗನಾಗಿದ್ದಾಗ ಇಳಿದಿದ್ದ ಅದೇ ಜಾಗ.

"ಲೇ ಮೌನೇಶ! ಹೋದ ವರ್ಷ ನನ್ನ ಮಾರಿನ್ನ ಫೋನಿನ್ಯಾಗ ಕುಣಿಸಿದ್ದಿಯಲ್ಲ, ಈಗ ನೀ ಬಂದು ಕುಣಿಯೋ! ಕೆಂಚಿ, ಪಾತ್ರಿ ತಂದೀಯೇನಬೇ ಈ ಸಲಾನೂ? ಬಸುರಿ ಹೊಟ್ಟಿ ಸೀಳಿ ಹುಳಿ ಮಾಡಿ ಉಂಡಾಕಿ, ಹಿಡಿ ಬಾ ಬಲಿ ತುದಿ! ದುರ್ಗವ್ವ, ನಿನ್ನ ಬಾಯಿ ಒಲಿ ಮುಂದಷ್ಟ ಏನು? ಗಿರಾಕಿ ನಕ್ಕಾಗ ಎಲ್ಲಿ ಇಟಗಂಡಿದ್ದಿ ಅದನ್ನ?"

ಆ ದುರ್ಗವ್ವ ನಾನೇ, ನಾನೂ ಇಳಿದೆ. ನೀರು ತಣ್ಣಗಿತ್ತು, ಸೆಳೆತ ಜೋರಿತ್ತು. ಕಾಲಿಗೆ ಮೀನು ತಾಗಿ ತಾಗಿ ಹೋಗುತ್ತಿದ್ದವು. ಬಲೆಯ ಗೂಟಗಳನ್ನು ಆಳಕ್ಕೆ ಬಡಿದಿದ್ದರು, ನಮ್ಮಷ್ಟು ಜನರ ಬಲಕ್ಕೆ ಅಲುಗಲಿಲ್ಲ. ಇನ್ನೂ ಕೈ ಬೇಕಿತ್ತು. ಎರ್ರೆಮ್ಮ ಮನೆ ಮನೆ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಇದ್ದಕ್ಕಿದ್ದಂತೆ ಗಂಟಲು ಕಟ್ಟಿತು. ಬಾಯಿ ಆಡುತ್ತಿತ್ತು, ದನಿ ಹೊರಡಲಿಲ್ಲ. ಹೆಸರು ಕರೆಸಿಕೊಳ್ಳದ ಅರ್ಧ ಊರು ಏರಿಯ ಮೇಲೆ ಕೈಕಟ್ಟಿ ನಿಂತೇ ಇತ್ತು. ಬೈಸಿಕೊಳ್ಳದೆ ಇಳಿಯಬಾರದಂತೆ! ನೀರಲ್ಲಿ ನಿಂತ ನನಗೆ ಅಷ್ಟೂ ಜನರ ಕಾಲು ಹಿಡಿದು ಎಳೆಯಬೇಕೆನ್ನಿಸಿತು.

ಆಗ ಸಮತಾ ಚಪ್ಪಲಿ ಕೆಳಗಿಟ್ಟು ಕಲ್ಲು ಹತ್ತಿದಳು. ಕಚೇರಿಗೆ ಹೊರಟ ಸೀರೆ, ಹೆಗಲಲ್ಲಿ ಬ್ಯಾಗು.

"ನಿಮಗ ನಾಚಿಕಿ ಆಗಲ್ಲೇನ್ರಿ?" ಅಂದಳು. "ಒಬ್ಬ ಮುದುಕಿ ಬೈದ್ರ ಮಾತ್ರ ನಿಮ್ಮ ಕಾಲು ಎದ್ದೇಳತಾವೇನ್ರಿ..."

ತಾಯಿ ಅವಳ ರಟ್ಟೆಗೆ ಹೊಡೆದು, ಒಡೆದ ಗಂಟಲಲ್ಲಿ ಗೊಗ್ಗರಿಸಿದಳು. "ರಿ ಅನಬ್ಯಾಡಬೇ!"

ಸಮತಾ ಉಸಿರು ಎಳೆದುಕೊಂಡಳು.

"ಲೇ! ಕೈ ಕಟಿಗಂಡು ನಿಂತೋರ್ರಾ! ಕೆರಿ ನಮ್ಮವ್ವನ ಒಬ್ಬಾಕಿದೇನ್ರಲೇ? ನೀರು ನಿಮ್ಮ ಹೊಲಕ್ಕ, ಮೀನು ನಿಮ್ಮ ತಾಟಿಗೆ, ಠಾಣಿ ಮಾತ್ರ ನಮ್ಮವ್ವಗೇನು? ಬಾಯಿ ಬಾಡಿಗಿಗೆ ಕೊಟ್ಟು ಬದುಕೋ ಮಂದಿ, ಇಳೀರಲೇ ನೀರಿಗೆ!"

ಅದೆಲ್ಲಿಂದ ಬಂತೋ ಅವಳಿಗೆ. ಮೂಳೆಗೆ ತಾಗುವಂತಿತ್ತು. ಯಾರ ಹೆಸರೂ ಕರೆಯಲಿಲ್ಲ ಅವಳು, ಎಲ್ಲರಿಗೂ ತನಗೇ ಅಂದಂತೆ ಕೇಳಿಸಿರಬೇಕು. ಏರಿಯಿಂದ ಜನ ದಡದಡ ಇಳಿದರು. ಗಂಡಸರು ಗೂಟ ಅಲುಗಿಸಿದರು, ಹೆಂಗಸರು ಬಲೆ ಸುತ್ತಿದರು. ಪಾಲಾಕ್ಷ ದಡದಲ್ಲಿ ಅತ್ತಿತ್ತ ಓಡುತ್ತಿದ್ದ.

"ಏನ್ರಿ ಇದು ಅನ್ಯಾಯ! ನನ್ನ ಮೀನೆಲ್ಲ ಹೊರಗೆ ಹೋಗ್ತವೆ. ಯಾರ ಮೇಲೆ ದೂರು ಕೊಡ್ಲಿ ನಾನು?"

ನೀರಲ್ಲಿದ್ದ ಬೊಮ್ಮಪ್ಪ ತಲೆ ಎತ್ತದೆ ಅಂದ, "ನನ್ನ ಹೆಸರು ಮೊದಲು ಬರಿ. ಆಮ್ಯಾಲೆ ಊರಿಂದು."

ಕೊನೆಯ ಗೂಟ ಕಿತ್ತು ಬಂದಾಗ ಮೀನಿಗೆ ಒಮ್ಮೆಲೇ ದಾರಿ ತೆರೆಯಿತು. ಬಾಳೆಮೀನುಗಳು ನಮ್ಮ ಕಾಲ ಸಂದಿಯಿಂದಲೇ ಕಲ್ಲು ಹತ್ತಿದವು. ಪಾಲಾಕ್ಷನ ಮೀನೂ ಒಂದಷ್ಟು ಹಳ್ಳ ಸೇರಿದವು. ಸೇರಲಿ, ಹಿನ್ನೀರಿನಲ್ಲಿ ಜಾಗವಿದೆ. ಅವನು ವೀಡಿಯೋ ತೆಗೆದುಕೊಂಡು ಠಾಣೆಗೆ ಹೋದನಂತೆ. ಅದರಲ್ಲಿ ಎರ್ರೆಮ್ಮ ಅವನಿಗೆ ಒಂದು ಮಾತೂ ಅಂದಿರಲಿಲ್ಲ, ಊರಿನವರು ಊರಿನವರಿಂದ ಬೈಸಿಕೊಂಡಿದ್ದರು, ಅಷ್ಟೆ. ಅವತ್ತಿನಿಂದ ನೀರು ತಿಳಿಯಾಗುವ ತನಕ ಬಲೆ ನನ್ನ ಅಂಗಡಿ ಹಿಂದೆ ಬಿದ್ದಿತ್ತು.

ಮೇಲ್ದಂಡೆಯ ತೆಳು ನೀರಲ್ಲಿ ಮರಿಮೀನು ಮತ್ತೆ ತುಂಬಿಕೊಂಡವು. ಚಳಿಗಾಲದಲ್ಲಿ ಕೊಕ್ಕರೆ ಮರಿಗಳ ಗಲಾಟೆಗೆ ಗಿರಾಕಿಗಳ ಮಾತೇ ಕೇಳಿಸುತ್ತಿರಲಿಲ್ಲ. ಇಷ್ಟಕ್ಕೆ ಮುಗಿಸಿದರೆ ಊರಿನವರಿಗೆಲ್ಲ ಖುಷಿಯಾದೀತು. ಆದರೆ ಸುಗ್ಗಿಯಲ್ಲಿ ಇನ್ನೊಂದು ನಡೆಯಿತು.

ಎರ್ರೆಮ್ಮ ಆ ಸಲ ಯಾರ ಹೊಸಿಲಾಚೆಯೂ ನಿಂತು ಸೆರಗು ಒಡ್ಡಲಿಲ್ಲ. ಮನೆಯಲ್ಲೇ ಕೂತಳು. ಕಾದು ನೋಡಿ ಬೊಮ್ಮಪ್ಪನೇ ಜೋಳದ ಚೀಲ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಕೇರಿಗೆ ಬಂದ. ಅವನು ಆ ಮನೆಯ ಮುಂದೆ ನಿಂತದ್ದು ಅದೇ ಮೊದಲು. ಅವಳ ಗಂಟಲಿಗೆ ಕಷಾಯ ಕೊಡಲು ಹೋಗಿದ್ದ ನಾನು ಒಳಗೆ ಕೂತಿದ್ದೆ.

"ಎರ್ರೆಮ್ಮ, ಊರಿನ ಜೋಳ ತಂದೀನಿ. ಇಸಗ," ಅಂದ.

ಎರ್ರೆಮ್ಮ ಎದ್ದು ಬಾಗಿಲಿಗೆ ಹೋದಳು. ದನಿ ಇನ್ನೂ ಪೂರ್ತಿ ಬಂದಿರಲಿಲ್ಲ. ಬೈಯುವ ಕಾಲವೂ ಅಲ್ಲ, ಮರ್ಯಾದೆಯಿಂದಲೇ ಮಾತಾಡಿದಳು.

"ಒಳಗ ಬರ್ರಿ ಯಜಮಾನ್ರ. ಒಳಗ ಬಂದು ನಿಮ್ಮ ಕೈಯಾರೆ ಇಟ್ಟು, ಒಂದು ಲೋಟ ನೀರು ಕುಡದು ಹೋಗ್ರಿ."

ಬೊಮ್ಮಪ್ಪ ಹೊಸಿಲು ನೋಡಿದ. ಒಳಗೆ ಗೋಡೆಯ ಮೇಲಿನ ಬುದ್ಧನ ಪಟ ನೋಡಿದ. ಸಮತಾ ಹಿಡಿದು ನಿಂತಿದ್ದ ನೀರಿನ ಲೋಟ ನೋಡಿದ. ಸೆಳೆತದ ನೀರಿಗಿಳಿದಿದ್ದ ಕಾಲು ಒಂದು ಹೊಸಿಲು ದಾಟಲಿಲ್ಲ. ಚೀಲವನ್ನು ಹೊರಗಿನ ಕಟ್ಟೆಯ ಮೇಲೆ ಇಳಿಸಲು ಆಳಿಗೆ ಸನ್ನೆ ಮಾಡಿ, ಬಿಸಿಲು ಜಾಸ್ತಿಯಾಯಿತು ಅಂತ ಏನೋ ಗೊಣಗಿ ನಡೆದುಬಿಟ್ಟ.

ಚೀಲ ಇವತ್ತಿಗೂ ಅಲ್ಲೇ ಇದೆ. ಮೂಲೆ ಹರಿದು ಕೋಳಿಗಳು ಹೆಕ್ಕುತ್ತಿವೆ. ಅವಳು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಮೋಡ ಕಟ್ಟುತ್ತಿದೆ, ಎರ್ರೆಮ್ಮ ದಿನಾ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸುತ್ತಿದ್ದಾಳೆ. ಪಕ್ಕದಲ್ಲಿ ನಿಂತು ಸಮತಾನೂ ಮುಕ್ಕಳಿಸುತ್ತಾಳೆ. ಈ ಸಲ ಕೋಡಿಗೆ ಯಾರು ಬಲೆ ಕಟ್ಟಲಿ, ಬಿಡಲಿ, ಮೊದಲು ಬೈಸಿಕೊಳ್ಳುವ ಹೆಸರು ಯಾರದು ಅಂತ ಊರಿಗೆಲ್ಲ ಗೊತ್ತಿದೆ.